ಕೊಳದ ಕಡೆಯ ಗೇಟು

"ಇನ್ನೊಂದು ಕೊಡಮ್ಮ," ಎಂದು ಗಂಡ ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದ. ಅತ್ತೆ ತಮ್ಮ ಅಂಗೈಯಲ್ಲಿದ್ದ ಸ್ಕ್ರೂಗಳಲ್ಲಿ ಒಂದನ್ನು ಆರಿಸಿ ಅವನ ಬೆರಳಿಗಿಟ್ಟರು. ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ಡಾಕ್ಟರುಗಳ ಕೈಗೆ ಕತ್ತರಿ, ದಾರ ಇಟ್ಟು ಪಳಗಿದ ಕೈ ಅದು. ಗೆಣ್ಣುಗಳು ಊದಿಕೊಂಡು ಸೊಟ್ಟಗಾಗಿದ್ದರೂ ಕೇಳಿದ್ದನ್ನು ಕೇಳಿದ ಕೂಡಲೇ ಕೊಡುತ್ತದೆ. ಗಂಡ ಸ್ಕ್ರೂ ತಿರುಗಿಸಿದ, ಚಿಲಕ ಬಾಗಿಲಿಗೆ ಗಟ್ಟಿಯಾಗಿ ಕೂತಿತು. ಅದು ಅತ್ತೆಯ ಕೋಣೆಯ ಬಾಗಿಲು. ಚಿಲಕ ಕೂತದ್ದು ಹೊರಗಡೆಗೆ.

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಸೊಸೆ ನಡುವಿನ ಕೋಣೆಯಲ್ಲೇ ನಿಂತುಬಿಟ್ಟಳು. ಏನು ನಡೆಯುತ್ತಿದೆ ಎಂದು ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಹೋದಮೇಲೆ ಮೈಯೆಲ್ಲ ಉರಿಯಿತು.

"ಇದೇನ್ರೀ ಇದು?"

"ಚಿಲಕ."

"ಚಿಲಕ ಅಂತ ನನಗೂ ಕಾಣುತ್ತೆ. ಹೊರಗಡೆ ಯಾಕೆ?"

"ಅವನು ಹೇಳೋದು ಸರಿ ಇದೆಯಮ್ಮ," ಎಂದರು ಅತ್ತೆ, ಮಗನ ಪರವಾಗಿ. "ನನ್ನ ಒಳ್ಳೇದಕ್ಕೇ ಅಲ್ವಾ. ನೀವೆಲ್ಲ ಕೆಲಸದಲ್ಲಿರೋವಾಗ ನಾನು ಎದ್ದು ಎಲ್ಲೋ ಹೋಗಿ, ಇನ್ನೇನೋ ಮಾಡಿ..." ಮಾತು ಅಲ್ಲಿಗೇ ನಿಂತಿತು. ಉಳಿದ ಎರಡು ಸ್ಕ್ರೂಗಳನ್ನು ಅವರು ಅಂಗೈಯಲ್ಲಿ ಹೊರಳಿಸಿ ನೋಡಿಕೊಂಡರು.

ಒಂಬತ್ತನೇ ಕ್ಲಾಸಿನ ಮಗಳು ಅಟ್ಟದ ಮೆಟ್ಟಿಲ ಮೇಲೆ ಕೂತು ಹೊಸ ಶೂ ಹಾಕಿ ನೋಡಲು ಸಾಕ್ಸ್ ಏರಿಸುತ್ತಿದ್ದಳು. "ಅಪ್ಪಾ, ಅಜ್ಜಿ ಏನು ಆಲೂಗಡ್ಡೆ ಮೂಟೆನಾ, ಒಳಗಿಟ್ಟು ಬಾಗಿಲು ಹಾಕೋಕೆ?" ಎಂದಳು. ಯಾರೂ ನಗಲಿಲ್ಲ. ಅವಳೂ ನಗಿಸಲು ಹೇಳಿದ್ದಲ್ಲ.

ಆಲೂಗಡ್ಡೆಯ ಮಾತು ಬಂದದ್ದು ಸುಮ್ಮನೆ ಅಲ್ಲ. ಗಂಡ ಇಪ್ಪತ್ತಾರು ವರ್ಷ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕನಾಗಿದ್ದವನು. ಆಲೂಗಡ್ಡೆ, ಸೇಬು, ಬೆಣ್ಣೆ ಎಲ್ಲವೂ ಅವನ ಕಾವಲಿನಲ್ಲಿ ತಣ್ಣಗೆ ಮಲಗಿರುತ್ತಿದ್ದವು. ಅಲ್ಲಿ ಬಾಗಿಲು ಹತ್ತು ನಿಮಿಷ ತೆರೆದಿದ್ದರೆ ಒಂದು ಕೋಣೆಯ ಸರಕು ಹಾಳು. ಹೀಗಾಗಿ ಬಾಗಿಲು ಮುಚ್ಚುವುದು ಅವನಿಗೆ ಕೆಲಸವಾಗಿ ಉಳಿಯದೆ ಉಸಿರಾಟದಂತಾಗಿ ಹೋಗಿತ್ತು. ಮನೆಯಲ್ಲೂ ಅಷ್ಟೆ. ಕಪಾಟು, ಡ್ರಾಯರು, ಡಬ್ಬಿಯ ಮುಚ್ಚಳ, ಯಾವುದೂ ತೆರೆದಿರಕೂಡದು. "ಬಾಗಿಲು!" ಎಂದು ಅವನು ಕೂತಲ್ಲಿಂದಲೇ ಕೂಗಿದರೆ ಮನೆಯವರೆಲ್ಲ ತಾವು ದಾಟಿ ಬಂದ ಬಾಗಿಲನ್ನು ತಿರುಗಿ ನೋಡಬೇಕು. ಮದುವೆಯಾದ ಹೊಸತರಲ್ಲಿ ಅವಳಿಗೆ ಇದು ತಮಾಷೆಯಾಗಿತ್ತು. ಆಮೇಲೆ ಅಭ್ಯಾಸವಾಯಿತು.

ಕಂಪನಿ ಅವನನ್ನು ಐವತ್ತೆರಡಕ್ಕೇ ಮನೆಗೆ ಕಳಿಸಿದಾಗ ಅವನು ಹಳ್ಳಿಗೆ ಹೋಗೋಣ ಎಂದ. ಹೋಗೋಣವಾ ಎಂದು ಕೇಳಲಿಲ್ಲ, ಹೋಗೋಣ ಎಂದ. ಅವಳು ನಗರದ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಫೋನಿಗೆ ಕಿವಿಕೊಟ್ಟವಳು. ನಲ್ಲಿಯಲ್ಲಿ ನೀರಿಲ್ಲ ಎಂದು ಜನ ಅವಳ ಮೇಲೆ ಕೂಗಾಡಿ, ಅವಳ ಅಪ್ಪ ಅಮ್ಮನನ್ನೂ ಎಳೆದು ತಂದು ಬೈದು ಮುಗಿಸಿದ ಮೇಲೆ, ದನಿ ಏರಿಸದೆ "ನಿಮ್ಮ ದೂರು ದಾಖಲಾಗಿದೆ" ಎನ್ನುವುದು ಅವಳ ಕೆಲಸ. ಅಂಥವಳು ಆ ಕೆಲಸವನ್ನೂ ಬಿಟ್ಟು, ಎದುರು ಮನೆಯವರ ಹರಟೆ, ಮೂಲೆಯ ಬೇಕರಿ, ಐದು ನಿಮಿಷಕ್ಕೊಂದು ಬಸ್ಸು, ಎಲ್ಲವನ್ನೂ ಬಿಟ್ಟು ತುಟಿ ಪಿಟಕ್ಕೆನ್ನದೆ ಲಾರಿ ಹತ್ತಿದಳು.

ಹಳ್ಳಿ ಅವರನ್ನು ಕಂಡು ಏನೂ ಹಿಗ್ಗಲಿಲ್ಲ. ಮೊದಲ ವಾರ ಒಲೆಯ ಹೊಗೆ ಕೊಳವೆಯೊಳಗೆ ಹಕ್ಕಿ ಗೂಡು ಕಟ್ಟಿದ್ದು ಗೊತ್ತಾಗದೆ ಮನೆಯವರೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಅಂಗಳದಲ್ಲಿ ನಿಂತರು. ಎರಡನೇ ವಾರ ತೊಟ್ಟಿಯ ಪೈಪಿನಲ್ಲಿ ಕಪ್ಪೆ ಸಿಕ್ಕಿ ಸತ್ತದ್ದು ತಿಳಿಯದೆ ಮೂರು ದಿನ ಆ ನೀರನ್ನೇ ಕುಡಿದರು. ತಂದ ಎಂಟು ಕೋಳಿಗಳಿಗೆ ಗಂಡ ಗಾಳಿ ಕೂಡ ಆಡದಷ್ಟು ಭದ್ರವಾದ ಗೂಡು ಮಾಡಿದ. ಬಿಸಿಲಿಗೆ ಆರು ಕೋಳಿ ಒಳಗೇ ಬೆಂದು ಹೋದವು. ಪ್ರತಿಸಲವೂ ಅವನು "ಕಲಿತಾ ಇದೀವಿ, ಕಲಿತಾ ಇದೀವಿ" ಎನ್ನುತ್ತಿದ್ದ. ಕಲಿತದ್ದು ಏನು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಹಳ್ಳಿ ಒಗ್ಗಿದ್ದು ಒಬ್ಬರಿಗೆ ಮಾತ್ರ, ಅತ್ತೆಗೆ. ಎಪ್ಪತ್ತೆಂಟು ದಾಟಿದ ಮೇಲೆ ಅವರಿಗೆ ಸಣ್ಣಪುಟ್ಟ ಮರೆವು ಶುರುವಾಗಿತ್ತು. ಕನ್ನಡಕ ಎಲ್ಲಿಟ್ಟೆ, ಮಾತ್ರೆ ನುಂಗಿದೆನೋ ಇಲ್ಲವೋ, ಇಂಥವು. ನಗರದ ಮೂರನೇ ಮಹಡಿಯಲ್ಲಿ ಕಿಟಕಿಯ ಹತ್ತಿರ ಕೂತು ಕೂತು ಮಂಕಾಗಿದ್ದವರು ಇಲ್ಲಿಗೆ ಬಂದ ತಿಂಗಳಲ್ಲಿ ಚಿಗುರಿಕೊಂಡರು. ಅದಕ್ಕೆ ಕಾರಣ ಹಾಲಿನಕ್ಕ.

ಹಾಲಿನಕ್ಕ ಮೇಲಿನ ಹುಲ್ಲುಗಾವಲಿನ ಒಡತಿ. ಹನ್ನೊಂದು ದನಗಳನ್ನು ಒಬ್ಬಳೇ ಸಾಕುವ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಊರಿಗೆಲ್ಲ ಹಾಲು ಹಾಕುವವಳಾದ್ದರಿಂದ ಆ ಹೆಸರು. ಅತ್ತೆ ಹೆರಿಗೆ ನರ್ಸ್ ಆಗಿದ್ದವರು ಎಂದು ಗೊತ್ತಾದದ್ದೇ ಅವಳು "ಸಿಸ್ಟರಮ್ಮ" ಎಂದು ಕರೆಯತೊಡಗಿದಳು. ದಿನಾ ಬೆಳಿಗ್ಗೆ ಹಾಲು ಕೊಡಲು ಬಂದವಳು ಅತ್ತೆಯ ಕೈ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಒಂದು ಸ್ಟೂಲಿನ ಮೇಲೆ ಕೂರಿಸುವಳು. ಅಲ್ಲಿ ಚೊಚ್ಚಲ ಬಸುರಿನ ಕಂದು ಹಸು ಒಂದಿತ್ತು. ಕರುವಾಗಿದ್ದಾಗಲೇ ತಾಯಿ ಸತ್ತದ್ದರಿಂದ ಅದನ್ನು ಹಾಲಿನಕ್ಕ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಅತ್ತೆ ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ, "ಇನ್ನು ಇಪ್ಪತ್ತು ದಿನ. ಮಗು ಸರಿಯಾಗಿ ತಿರುಗಿದೆ," ಎನ್ನುತ್ತಿದ್ದರಂತೆ. ಮನೆಗೆ ಬಂದು ಮೊಮ್ಮಗಳ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನ ಬರೆದಿಡುವರು. ಮಾತ್ರೆ ನುಂಗಿದ್ದು ಮರೆಯುವವರು ಆ ಹಸುವಿನ ದಿನ ಮಾತ್ರ ಒಂದು ಸಲವೂ ಮರೆಯಲಿಲ್ಲ.

ಹುಲ್ಲುಗಾವಲಿಗೂ ಕೆಳಗಿನ ಕೊಳಕ್ಕೂ ನಡುವೆ ಇವರ ಜಾಗ. ದನಗಳು ನೀರಿಗೆ ಇಳಿಯುವ ದಾರಿ ಇವರ ಬೇಲಿಯ ಗೇಟಿನಿಂದಲೇ ಹಾದುಹೋಗಬೇಕು. ಬಂದ ಮೊದಲ ವಾರವೇ ಹಾಲಿನಕ್ಕ ಗಂಡನನ್ನು ಆ ಗೇಟಿನವರೆಗೆ ಕರೆದೊಯ್ದು ಹೇಳಿದ್ದಳು: "ನೋಡಿ ಸಾರ್, ಇಲ್ಲಿ ಇರೋದು ಒಂದೇ ಕಾನೂನು. ಗೇಟು ಹೇಗಿರುತ್ತೋ ಹಾಗೇ ಬಿಡಬೇಕು. ತೆಗೆದಿದ್ರೆ ತೆಗೆದೇ ಇರಲಿ, ಮುಚ್ಚಿದ್ರೆ ಮುಚ್ಚೇ ಇರಲಿ. ಯಾರು ಯಾಕೆ ಹಾಗೆ ಬಿಟ್ಟಿದಾರೆ ಅನ್ನೋದು ಅವರಿಗೆ ಗೊತ್ತಿರುತ್ತೆ." ಗಂಡ ತಲೆಯಾಡಿಸಿದ. ಹೆಂಡತಿಯೂ ಅಲ್ಲೇ ಇದ್ದಳು, ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದಳು.

ಕಳೆದ ಮಂಗಳವಾರ ಎಲ್ಲರೂ ಪೇಟೆಗೆ ಹೊರಟಿದ್ದರು. ಅತ್ತೆಯ ಕಣ್ಣು ತೋರಿಸಬೇಕಿತ್ತು, ಮಗಳಿಗೆ ಶೂ ಕೊಳ್ಳಬೇಕಿತ್ತು. ಎಂಟೂವರೆಯ ಬಸ್ಸು ತಪ್ಪಿದರೆ ಮುಂದಿನದು ಮಧ್ಯಾಹ್ನಕ್ಕೆ. ಅವಳು ಅವಸರದಲ್ಲಿ ಬಟ್ಟೆ ಹರವುತ್ತಿದ್ದಾಗ ಗಂಡ ಬೇಲಿಯ ಉದ್ದಕ್ಕೂ ಒಂದು ಸುತ್ತು ಹೋಗಿ ಬರುವುದು ಕಂಡಿತು. ಮನೆ ಬಿಡುವ ಮುಂಚೆ ಹಾಗೆ ಸುತ್ತುವುದು ಕೋಲ್ಡ್ ಸ್ಟೋರೇಜಿನ ಕಾಲದ ರೂಢಿ. ಕೊಳದ ಕಡೆಯ ಗೇಟು ಅಗಲವಾಗಿ ತೆರೆದಿತ್ತು. ಅದರ ಮೇಲಿನ ಕೀಲು ಕಳಚಿ ವರ್ಷಗಳೇ ಆಗಿವೆ. ಮುಚ್ಚಬೇಕೆಂದರೆ ಭುಜ ಕೊಟ್ಟು ಎತ್ತಿ, ನೆಲದ ಮೇಲೆ ಎಳೆದು ತರಬೇಕು. ಅವನು ಭುಜ ಕೊಟ್ಟ, ಎತ್ತಿದ, ಎಳೆದ, ಕಂಬಕ್ಕೆ ತಂತಿಯನ್ನು ಮೂರು ಸುತ್ತು ಸುತ್ತಿ ತುದಿ ಮಡಚಿದ. ಕೈ ಝಾಡಿಸಿಕೊಂಡು ಬಂದ. 'ಇವರೊಬ್ಬರು, ಗಾಳಿಗೂ ಬಾಗಿಲು ಹಾಕ್ತಾರೆ' ಎಂದುಕೊಂಡು ಅವಳು ಕೊನೆಯ ಟವೆಲಿಗೆ ಕ್ಲಿಪ್ಪು ಹಾಕಿದಳು. ಹಾಲಿನಕ್ಕನ ಕಾನೂನು ಅವಳ ನೆನಪಿಗೂ ಬರಲಿಲ್ಲ.

ಅವತ್ತು ಹಾಲಿನಕ್ಕನೂ ಊರಲ್ಲಿರಲಿಲ್ಲ. ಅಕ್ಕನ ಮಗನಿಗೆ ಹುಷಾರಿಲ್ಲವೆಂದು ದನಗಳನ್ನು ಹುಲ್ಲುಗಾವಲಿಗೆ ಬಿಟ್ಟು, ಗೇಟು ತೆರೆದಿದೆ, ನೀರಿಗೆ ತಾವೇ ಇಳಿಯುತ್ತವೆ ಎಂಬ ಧೈರ್ಯದ ಮೇಲೆ ಹೋಗಿದ್ದಳು. ವರ್ಷದಲ್ಲೇ ಹೆಚ್ಚು ಬಿಸಿಲಿದ್ದ ದಿನ ಅದು. ಸಂಜೆ ಐದಕ್ಕೆ ಇವರು ಬಸ್ಸಿಳಿದು ಬಂದಾಗ ಹತ್ತು ದನಗಳು ಗೇಟಿಗೆ ಒತ್ತಿಕೊಂಡು ನಾಲಗೆ ಚಾಚಿ ನಿಂತಿದ್ದವು. ಹನ್ನೊಂದನೆಯದು, ಆ ಕಂದು ಹಸು, ನೂಕಾಟದಲ್ಲಿ ಪಕ್ಕದ ಚರಂಡಿಗೆ ಅಂಗಾತ ಬಿದ್ದಿತ್ತು. ತುಂಬು ಬಸುರಿನ ದನ ಹಾಗೆ ಬಿದ್ದರೆ ಮಗ್ಗುಲಾಗಲು ಆಗುವುದಿಲ್ಲ. ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ. ಹಾಲಿನಕ್ಕ ಆಗಷ್ಟೇ ಬಂದಿದ್ದಳು. ಚರಂಡಿಗಿಳಿದು ಅದರ ಕತ್ತು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದು ಸತ್ತು ಬಹಳ ಹೊತ್ತಾಗಿತ್ತು.

ಅವಳು ಅಳಲಿಲ್ಲ, ಬೈಯಲಿಲ್ಲ. ತಲೆಯೆತ್ತಿ ಒಂದೇ ಮಾತು ಕೇಳಿದಳು. "ಯಾರು ಮುಚ್ಚಿದ್ದು?"

ಗಂಡ ಹೆಂಡತಿಯನ್ನು ನೋಡಲಿಲ್ಲ. ಅಮ್ಮನ ಕಡೆ ತಿರುಗಿದ. "ಅಮ್ಮಾ, ಬೆಳಿಗ್ಗೆ ನೀನು ಈ ಕಡೆ ಓಡಾಡೋಕೆ ಬಂದಿದ್ದೆ ಅಲ್ವಾ?"

"ಬಂದಿದ್ದೆ," ಎಂದರು ಅತ್ತೆ. ಅವರು ದಿನಾ ಬರುತ್ತಿದ್ದರು.

"ಅಮ್ಮಂಗೆ ಈಗೀಗ ಏನು ಮಾಡ್ತೀನಿ ಅನ್ನೋದು ನೆನಪಿರಲ್ಲ ಅಕ್ಕಾ," ಎಂದ ಗಂಡ, ತಗ್ಗಿದ ದನಿಯಲ್ಲಿ, ದುಃಖವನ್ನೂ ಬೆರೆಸಿ.

ಹೆಂಡತಿ ಅವನ ಮುಖವನ್ನೇ ನೋಡಿದಳು. ಇಷ್ಟು ಸಲೀಸಾಗಿ, ಎಲ್ಲರೆದುರು, ಹೆತ್ತವಳ ಕೊರಳಿಗೇ ಕಟ್ಟಿ ಕೈತೊಳೆದುಕೊಂಡನಲ್ಲ! ಹಾಲಿನಕ್ಕ ಅತ್ತೆಯನ್ನು ನೋಡಿದಳು, ಗೇಟನ್ನು ನೋಡಿದಳು, ಮತ್ತೆ ಹಸುವಿನ ಕಡೆ ಬಾಗಿದಳು. "ಹೋಗಿ. ಎಲ್ಲರೂ ಹೋಗಿ," ಎಂದಳು ಅಷ್ಟೆ.

ಅದು ಮಂಗಳವಾರ. ಇವತ್ತು ಭಾನುವಾರ.

ನಡುವಿನ ದಿನಗಳಲ್ಲಿ ಸೊಸೆ ಏನೂ ಮಾಡಲಿಲ್ಲವೆಂದಲ್ಲ. ಬುಧವಾರ ಬೆಳಿಗ್ಗೆಯೇ ಗಂಡನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, "ನಾನು ಕಣ್ಣಾರೆ ನೋಡಿದೀನಿ," ಎಂದಳು. ಅವನು ಅಲ್ಲಗಳೆಯಲಿಲ್ಲ. "ನಾನು ಅಂತ ಗೊತ್ತಾದ್ರೆ ಈ ಊರಲ್ಲಿ ನಮಗೆ ಒಂದು ಲೋಟ ನೀರೂ ಹುಟ್ಟಲ್ಲ. ಅಮ್ಮನ್ನ ಯಾರು ಏನಂತಾರೆ? ವಯಸ್ಸಾದವರು ಅಂತ ಸುಮ್ಮನಾಗ್ತಾರೆ. ಯಾರಿಗೇನು ನಷ್ಟ ಹೇಳು," ಎಂದ. ಗುರುವಾರ ಅವಳು ಮತ್ತೆ ಬಾಯಿ ತೆಗೆಯಬೇಕೆಂದಿದ್ದಾಗ ಅವನೇ ಮಾತು ತೆಗೆದ. "ಅಮ್ಮಂದು ಹೀಗೇ ಆಗ್ತಾ ಹೋದ್ರೆ ವಾಪಸ್ ಸಿಟಿಗೇ ಹೋಗಬೇಕಾಗುತ್ತೇನೋ. ಆಸ್ಪತ್ರೆ ಹತ್ತಿರ ಇರುತ್ತೆ." ಸಿಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಕಣ್ಣ ಮುಂದೆ ಮೂಲೆಯ ಬೇಕರಿ ಬಂತು, ಐದು ನಿಮಿಷದ ಬಸ್ಸು ಬಂತು. ಒಂದು ದಿನ ನೋಡೋಣ ಎಂದುಕೊಂಡಳು. ಆ ಒಂದು ದಿನ ಮೂರಾಯಿತು.

ಅಷ್ಟರಲ್ಲಿ ಅತ್ತೆಗೆ ನೆನಪು ಬರತೊಡಗಿತ್ತು. ಮೊದಲ ದಿನ, "ನಾನು ಯಾವಾಗಮ್ಮ ಗೇಟು ಮುಟ್ಟಿದೆ?" ಎಂದು ಹಣೆ ಹಿಡಿದುಕೊಂಡು ಕೇಳಿದರು. ಎರಡನೇ ದಿನ, "ಮುಟ್ಟಿರಬೇಕು," ಎಂದರು. ಶುಕ್ರವಾರ ಊಟಕ್ಕೆ ಕೂತವರು ತುತ್ತು ಕೆಳಗಿಟ್ಟು, "ಹೌದು. ಕಬ್ಬಿಣ ಕೈಗೆ ತಣ್ಣಗೆ ಹತ್ತಿತು. ತಂತಿ ಸುತ್ತಿದೆ. ಮೂರು ಸುತ್ತು," ಎಂದು ಕಣ್ಣೀರು ಹಾಕಿದರು. "ಸಾವಿರಾರು ಹೆರಿಗೆ ಮಾಡಿಸಿದ ಕೈ, ಒಂದು ಬಸುರಿನ ಜೀವ ತೆಗೀತಲ್ಲಮ್ಮ. ನನಗೆ ಬುದ್ಧಿ ಕೆಡ್ತಾ ಇದೆ." ಅವಳು ಎದ್ದು ಹೋಗಿ ಅವರ ಕಣ್ಣೊರೆಸಿದಳು. ಗಂಡ ತಟ್ಟೆಯ ಮೇಲೆ ಬಾಗಿ ಉಣ್ಣುತ್ತಲೇ ಇದ್ದ. ಹಾಲಿನಕ್ಕ ಈಗ ಹಾಲಿನ ಪಾತ್ರೆಯನ್ನು ಮೋಟುಗೋಡೆಯ ಮೇಲಿಟ್ಟು ಕೂಗದೆ ಹೋಗುತ್ತಿದ್ದಳು. ಅತ್ತೆ ಚಪ್ಪಲಿ ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಕಾಯುವರು, ಆಮೇಲೆ ಚಪ್ಪಲಿ ಬಿಚ್ಚಿ ಒಳಗೆ ಬರುವರು.

ಈಗ ಈ ಚಿಲಕ.

"ತೆಗೀರಿ ಅದನ್ನ," ಎಂದಳು ಅವಳು.

"ನಿನ್ನೆ ಮಧ್ಯಾಹ್ನ ಅಮ್ಮ ಎಲ್ಲಿದ್ದಳು ಗೊತ್ತಾ? ಗೇಟಿನ ಹತ್ತಿರ. ಒಬ್ಬಳೇ ಅದನ್ನ ಹಿಡ್ಕೊಂಡು ನಿಂತಿದ್ದಳು. ನಾಳೆ ಕೊಳಕ್ಕೆ ಬಿದ್ದರೆ ಯಾರು ಜವಾಬ್ದಾರಿ?"

"ತೆಗೀರಿ ಅಂದೆ."

"ನೀನು ಅರ್ಥ ಮಾಡ್ಕೊ," ಎಂದ ಗಂಡ, ಚಿಕ್ಕ ಮಗುವಿಗೆ ಬಿಡಿಸಿ ಹೇಳುವ ಹಾಗೆ. "ಇವಳನ್ನ ಹೀಗೇ ಬಿಟ್ಟರೆ ಏನಾಗುತ್ತೆ ಅಂತ ಒಂದು ಸಲ ನೋಡಿ ಆಯ್ತಲ್ಲ? ಗೇಟು ಮುಚ್ಚಿ ಒಂದು ಜೀವ ಹೋಯ್ತು. ಮರೆತುಬಿಟ್ಟೆಯಾ?"

ಅವಳು ಅವನ ಮುಖ ನೋಡಿದಳು. ಅಲ್ಲಿ ಕಳ್ಳತನ ಇರಲಿಲ್ಲ, ನಾಚಿಕೆ ಇರಲಿಲ್ಲ. ಅಮ್ಮನ ಬಗ್ಗೆ ನಿಜವಾದ ಕಳವಳ ಇತ್ತು. ಐದೇ ದಿನಕ್ಕೆ ಈ ಮನುಷ್ಯ ತಾನು ಹೇಳಿದ ಸುಳ್ಳನ್ನು ತಾನೇ ನಂಬಿ ಕೂತಿದ್ದ.

ಹತ್ತೊಂಬತ್ತು ವರ್ಷ ಫೋನಿನಲ್ಲಿ ಏರದ ದನಿ ಏರಿತು. ಎಷ್ಟು ಏರಿತೆಂದರೆ ಮೆಟ್ಟಿಲ ಮೇಲಿದ್ದ ಮಗಳು ಎದ್ದು ನಿಂತಳು. "ಗೇಟು ಮುಚ್ಚಿದ್ದು ನೀವು! ಭುಜ ಕೊಟ್ಟು ಎತ್ತಿದ್ದು ನೀವು, ತಂತಿ ಸುತ್ತಿದ್ದು ನೀವು! ಹೆತ್ತ ತಾಯಿಗೆ ಹುಚ್ಚು ಅಂತ ಹಣೆಪಟ್ಟಿ ಕಟ್ಟಿ, ಈಗ ಅವರ ಕೈಲೇ ಸ್ಕ್ರೂ ಹಿಡಿಸಿ ಅವರನ್ನೇ ಕೂಡಿಹಾಕ್ತೀರಲ್ಲ, ನಿಮಗೆ ಮನುಷ್ಯರ ಎದೆ ಇದೆಯಾ? ಕೋಳಿಗಳನ್ನ ಕೂಡಿಹಾಕಿ ಕೊಂದಿದ್ದು ಸಾಲಲಿಲ್ವಾ?"

"ಮೆಲ್ಲಗೆ! ಬೀದಿಗೆ ಕೇಳ್ಸುತ್ತೆ."

"ಕೇಳಲಿ!"

ಗಂಡ ಸ್ಕ್ರೂಡ್ರೈವರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಮುಖ ಬಿಳಿಚಿಕೊಂಡಿತ್ತು. "ಇವಳಿಗೆ ತಲೆ ಕೆಟ್ಟಿದೆ," ಎಂದು ಯಾರಿಗೋ ಹೇಳಿದಂತೆ ಹೇಳಿ ಹಿತ್ತಲಿಗೆ ಹೊರಟುಹೋದ. ಹೋಗುವಾಗ ಹಿತ್ತಲ ಬಾಗಿಲನ್ನು ಎಳೆದುಕೊಂಡೇ ಹೋದ.

ಅತ್ತೆ ಒಂದಿಷ್ಟೂ ಕದಲಿರಲಿಲ್ಲ. ಅವಳು ಹತ್ತಿರ ಹೋಗಿ, "ಕೇಳಿಸ್ಕೊಂಡ್ರಾ ಅತ್ತೆ? ನೀವಲ್ಲ. ನೀವು ಏನೂ ಮಾಡಿಲ್ಲ," ಎಂದಾಗ ಅವರು ಅವಳ ಕೆನ್ನೆ ಸವರಿದರು.

"ನನ್ನ ಮೇಲೆ ನಿನಗೆಷ್ಟು ಮಮತೆಯಮ್ಮ. ಆದ್ರೆ ನನಗೋಸ್ಕರ ಗಂಡನ ಮೇಲೆ ಅಪವಾದ ಹೊರಿಸಬಾರದು. ನನಗೆ ಚೆನ್ನಾಗಿ ನೆನಪಿದೆ. ಮೂರು ಸುತ್ತು."

ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಸುಳ್ಳು ಹೇಳಿದವನು ನಂಬಿದ, ಹೇಳಿಸಿಕೊಂಡವರು ಅವನಿಗಿಂತ ಗಟ್ಟಿಯಾಗಿ ನಂಬಿದ್ದಾರೆ, ನಿಜ ಹೇಳಲು ಹೊರಟವಳದ್ದು ಮಾತ್ರ ಅಪವಾದ. ಅವಳು ಅತ್ತೆಯ ಶಾಲನ್ನು ಮೊಳೆಯಿಂದ ಕಿತ್ತು ಅವರ ಹೆಗಲಿಗೆ ಹೊದಿಸಿದಳು. "ಚಪ್ಪಲಿ ಹಾಕ್ಕೊಳ್ಳಿ," ಎಂದಳು. ಕೈ ಹಿಡಿದು ನಡೆಸಿಕೊಂಡು ಹೊರಟಳು.

ಹಾಲಿನಕ್ಕ ಕೊಟ್ಟಿಗೆಯಲ್ಲಿ ಕ್ಯಾನುಗಳನ್ನು ತೊಳೆಯುತ್ತಿದ್ದಳು. ಹಾಲು ಕರೆದು ಮುಗಿದು ದನಗಳು ಆಗಲೇ ಹುಲ್ಲುಗಾವಲಿನಲ್ಲಿ ಹರಡಿಕೊಂಡಿದ್ದವು. ಇವರಿಬ್ಬರನ್ನು ಕಂಡು ಅವಳು ಎದ್ದು ನಿಂತಳು, ಕೈ ಒದ್ದೆಯಾಗಿಯೇ ಇತ್ತು. ಕೂರಿ ಎನ್ನಲಿಲ್ಲ.

"ಅಕ್ಕಾ, ಗೇಟು ಮುಚ್ಚಿದ್ದು ನಮ್ಮತ್ತೆ ಅಲ್ಲ. ನಮ್ಮ ಯಜಮಾನರು. ನಾನು ನೋಡಿದೆ," ಎಂದು ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು.

ಹಾಲಿನಕ್ಕ ಕ್ಯಾನು ಉಜ್ಜುವ ಬ್ರಷ್ಷಿನ ನೀರು ಝಾಡಿಸಿದಳು. ಆಮೇಲೆ, "ಯಾವತ್ತು ನೋಡಿದ್ದು?" ಎಂದಳು.

"ಅವತ್ತೇ. ಬೆಳಿಗ್ಗೆ."

"ಮತ್ತೆ ಇವತ್ತು ಬಂದು ಹೇಳ್ತಾ ಇದೀಯ." ಅವಳು ಕೈಯಲ್ಲಿದ್ದ ಬ್ರಷ್ಷನ್ನು ಕ್ಯಾನಿನೊಳಗೆ ಎಸೆದಳು. "ನನ್ನ ಹಸುನ ಮಣ್ಣು ಮಾಡಿ ಬಂದೆ, ಅಳೋಕಾಗ್ಲಿಲ್ಲ ನನಗೆ. ಸಿಸ್ಟರಮ್ಮನ ಮೇಲೆ ಸಿಟ್ಟು ಮಾಡ್ಕೊಂಡ್ರೆ ಪಾಪ, ಮಾಡ್ಕೊಳ್ಳದೇ ಇದ್ರೆ ನನ್ನ ಹೊಟ್ಟೆಯೊಳಗೆ ಬೆಂಕಿ. ಆ ಸಿಟ್ಟನ್ನ ಎಲ್ಲಿಡಬೇಕು ಅಂತ ಗೊತ್ತಾಗ್ದೆ ಐದು ದಿನ ಒದ್ದಾಡಿದೀನಿ. ಇವರ ಮುಖ ನೋಡೋಕಾಗ್ದೆ ಗೋಡೆ ಮೇಲೆ ಹಾಲಿಟ್ಟು ಕಳ್ಳಿ ಥರ ಓಡಿ ಬಂದಿದೀನಿ. ನಿಮಗೆಲ್ಲ ಬಾಯಿ ಇರಲಿಲ್ವಾ?"

ಅತ್ತೆಯೇ ಮಧ್ಯೆ ಬಂದರು. "ಅವಳನ್ನ ಬೈಬೇಡ. ನನ್ನನ್ನ ಉಳಿಸೋಕೆ ಹೀಗೆ ಹೇಳ್ತಾ ಇದಾಳೆ. ಮುಚ್ಚಿದ್ದು ನಾನೇ. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ."

ಹಾಲಿನಕ್ಕ ಅತ್ತೆಯ ಕೈಗಳನ್ನು ನೋಡಿದಳು. ಆ ಊದಿದ ಗೆಣ್ಣುಗಳನ್ನು, ಸೊಟ್ಟ ಬೆರಳುಗಳನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಆಮೇಲೆ ಗೋಡೆಗೊರಗಿಸಿದ್ದ ಕೋಲು ತೆಗೆದುಕೊಂಡು, "ಬನ್ನಿ ಸಿಸ್ಟರಮ್ಮ," ಎಂದಳು. "ಹೇಗೆ ಮುಚ್ಚಿದ್ರಿ ಅಂತ ತೋರಿಸಿ."

ಮೂವರೂ ಇಳಿಜಾರಿನಲ್ಲಿ ನಡೆದರು. ಹಾಲಿನಕ್ಕ ಕೋಲು ಹಿಡಿದು ಹೊರಟದ್ದನ್ನು ನೋಡಿ ದನಗಳೂ ನೀರಿನ ಹೊತ್ತಾಯಿತೆಂದು ಹಿಂದೆ ಬಂದವು. ಗೇಟು ತೆರೆದಿತ್ತು. ಪಕ್ಕದ ಚರಂಡಿಯಲ್ಲಿ ಹುಲ್ಲು ನೆಲಕಚ್ಚಿ ಇನ್ನೂ ಎದ್ದಿರಲಿಲ್ಲ. ಅತ್ತೆ ಆ ಕಡೆ ನೋಡದೆ ಗೇಟಿನ ಹತ್ತಿರ ಹೋಗಿ ಎರಡೂ ಕೈಯಿಂದ ಹಿಡಿದರು.

"ಹೀಗೆ," ಎಂದರು. ತಳ್ಳಿದರು.

ಗೇಟು ಅಲ್ಲಾಡಲಿಲ್ಲ. ಅದರ ತುದಿ ಮಣ್ಣಿನಲ್ಲಿ ಎರಡು ಬೆರಳು ಹೂತಿತ್ತು. ಅತ್ತೆ ಶಾಲನ್ನು ಹಿಂದಕ್ಕೆ ಸರಿಸಿ ಮತ್ತೆ ತಳ್ಳಿದರು. ಕಾಲು ಜಾರಿತು. ಸೊಸೆ ಮುಂದೆ ಹೋಗಲು ನೋಡಿದಾಗ ಹಾಲಿನಕ್ಕ ಕೋಲನ್ನು ಅಡ್ಡ ಹಿಡಿದಳು. ಅತ್ತೆ ಭುಜ ಕೊಟ್ಟು ಎತ್ತಲು ನೋಡಿದರು. ಉಸಿರು ಮೇಲಕ್ಕೆ ಹತ್ತಿತು, ಕತ್ತಿನ ನರ ಉಬ್ಬಿತು. ಕಬ್ಬಿಣ ಒಂದು ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಗೇಟು ಬಿಟ್ಟು ಕಂಬದಲ್ಲಿ ನೇತಾಡುತ್ತಿದ್ದ ತಂತಿಗೆ ಕೈ ಹಾಕಿದರು. ದಪ್ಪ ತಂತಿ. ಅದನ್ನು ಒಂದು ಸುತ್ತು ಮಡಚಲು ಹೋದ ಬೆರಳುಗಳು ನೋವಿಗೆ ತಾವಾಗಿಯೇ ಬಿಚ್ಚಿಕೊಂಡವು. ಇನ್ನೊಂದು ಸಲ ಹಿಡಿದರು. ಮತ್ತೆ ಬಿಚ್ಚಿಕೊಂಡವು. ದನಗಳು ದಾರಿ ಬಿಡುವುದನ್ನೇ ಕಾಯುತ್ತ ಸುತ್ತ ನಿಂತಿದ್ದವು.

ಅತ್ತೆ ತಂತಿ ಬಿಟ್ಟರು. ತಮ್ಮ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಅವರ ಮುಖದಲ್ಲಿ ಐದು ದಿನದಿಂದ ಇದ್ದ ಆ ದೀನ ಕಳೆ ಹೋಗುವುದನ್ನು ಸೊಸೆ ಕಣ್ಣಾರೆ ಕಂಡಳು. ಅವಳಿಗೆ ಖುಷಿಯಾಯಿತು. "ನೋಡಿದ್ರಾ ಅತ್ತೆ? ನಾನು ಹೇಳಲಿಲ್ವಾ?" ಎಂದಳು.

ಅತ್ತೆ ಅವಳ ಕಡೆ ತಿರುಗಿದರು. ಮಾತು ಬಂದದ್ದು ಹಳೆಯ ವಾರ್ಡಿನ ದನಿಯಲ್ಲಿ. ಪಾಳಿ ಬದಲಾಗುವಾಗ ಹಿಂದಿನವರನ್ನು ನಿಲ್ಲಿಸಿಕೊಂಡು ಒಂದೊಂದಾಗಿ ಲೆಕ್ಕ ಕೇಳುವ, ನಡುಕವಿಲ್ಲದ ದನಿ.

"ಮಂಗಳವಾರ ನೀನು ನೋಡಿದೆ."

"ಹೂಂ."

"ಬುಧವಾರ ನನ್ನ ತಲೆ ಬಾಚಿದೆ. ಗುರುವಾರ ಹಾಸಿಗೆ ಬಟ್ಟೆ ಬದಲಾಯಿಸಿದೆ. ಶುಕ್ರವಾರ ನನಗೆ ಬುದ್ಧಿ ಕೆಡ್ತಾ ಇದೆ ಅಂತ ನಿನ್ನ ಮುಂದೆ ಕಣ್ಣೀರಿಟ್ಟೆ. ನೀನು ಕಣ್ಣೊರೆಸಿದೆ."

"ಅತ್ತೆ, ನಾನು ಅವತ್ತೇ ಹೇಳ್ಬೇಕು ಅಂತ..."

"ಅವನು ಹೇಡಿ. ಹೆತ್ತವಳು ನಾನು, ನನಗೆ ಗೊತ್ತಿರೋದೇ. ಅವನ ವಿಷಯ ನಾನು ಆಮೇಲೆ ನೋಡ್ಕೋತೀನಿ." ಅತ್ತೆ ಜಾರಿದ ಶಾಲನ್ನು ಹೆಗಲಿಗೆ ಎಳೆದುಕೊಂಡರು. "ನೀನು ಯಾಕೆ ಸುಮ್ಮನಿದ್ದೆ?"

ಬೇಕರಿ, ಬಸ್ಸು. ಅವಳು ಬಾಯಿ ತೆರೆದಳು. ಅದನ್ನು ಹೇಳುವ ಮಾತು ಯಾವ ಭಾಷೆಯಲ್ಲೂ ಇರಲಿಲ್ಲ. ಬೆಳಗಿನಿಂದ ಮೈಯಲ್ಲಿ ಉರಿಯುತ್ತಿದ್ದ ಸಿಟ್ಟನ್ನು ಹುಡುಕಿದಳು, ಅದೂ ಸಿಗಲಿಲ್ಲ. ಕೈ ಮಾತ್ರ ತಾನಾಗಿಯೇ ಮುಂದೆ ಹೋಗಿ ಅತ್ತೆಯ ಮೊಣಕೈ ಹಿಡಿಯಲು ನೋಡಿತು.

ಅತ್ತೆ ಕೈ ಕೊಡವಿಕೊಂಡರು. ಜೋರಾಗಿ ಏನಲ್ಲ, ಮೇಲೆ ಬಿದ್ದ ಕಸವನ್ನು ಕೊಡವುವಷ್ಟು.

"ದಾರಿ ಬಿಡು. ಅವಕ್ಕೆ ಬಾಯಾರಿದೆ," ಎಂದರು.

ಅವಳು ಪಕ್ಕಕ್ಕೆ ಸರಿದಳು. ದನಗಳು ಒಂದೊಂದಾಗಿ ಗೇಟು ದಾಟಿದವು. ಅವುಗಳ ನಡುವೆ ಅತ್ತೆಯೂ ಇಳಿದರು, ಒಂದು ದನದ ಬೆನ್ನಿನ ಮೇಲೆ ಅಂಗೈ ಊರಿ, ಇನ್ನೊಂದು ಕೈಯಲ್ಲಿ ಶಾಲು ಹಿಡಿದು. ಹಾಲಿನಕ್ಕ ಎಲ್ಲಕ್ಕಿಂತ ಹಿಂದೆ ಹೋದಳು. ಅವಳೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹತ್ತೂ ದನಗಳು ಒಟ್ಟಿಗೆ ನೀರು ಹೀರುವ ಸದ್ದು ಬಂತು. ಅದು ನಿಲ್ಲುವವರೆಗೆ ಸೊಸೆ ಗೇಟಿನ ಹತ್ತಿರವೇ ನಿಂತಿದ್ದಳು.